ಅಕ್ಕ ಮುಂದಿನ ಟ್ರಕ್ ಏರಿದ ದಿನ

ನಾನು ಚಿಕ್ಕವಳಿದ್ದಾಗ, ನ್ಯೂಜಿಲೆಂಡಿನ ಆ ಸಣ್ಣ ಊರಿನಲ್ಲಿ ಕನ್ನಡ ಕೇಳಿಸುತ್ತಿದ್ದದ್ದು ನಮ್ಮ ಮನೆಯೊಳಗೆ ಮಾತ್ರ. ಅಪ್ಪ ಮೈಸೂರಿನಿಂದ ಬಂದು ಅಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದರು. ಅಕ್ಕ ಊರಿನ ಕಾಲೇಜಿನಲ್ಲಿ ಓದುತ್ತಿದ್ದಳು.

ಆ ಕಾಲೇಜಿನವರು ಪ್ರತಿ ವರ್ಷ ಮೆರವಣಿಗೆ ಹೊರಡಿಸುತ್ತಿದ್ದರು. ಎಲ್ಲಕ್ಕಿಂತ ಮುಂದಿನ ಟ್ರಕ್ಕಿಗೆ ಹೂ ಹೊದಿಸಿ, ವಿದ್ಯಾರ್ಥಿಗಳು ಓಟು ಹಾಕಿ ಆರಿಸಿದ ಹುಡುಗಿಗೆ ಕಿರೀಟವಿಟ್ಟು ಕೂರಿಸುತ್ತಿದ್ದರು. ಅವಳೇ ಆ ವರ್ಷದ ರಾಣಿ. ಅಲ್ಲಿಯವರೆಗಿನ ರಾಣಿಯರೆಲ್ಲ ಬಿಳಿಯರು. ಆ ನೆಲದವರೇ ಆದ ಮಾವೊರಿ ಹುಡುಗಿಯರಿಗೂ ಆ ಕುರ್ಚಿ ಸಿಕ್ಕಿರಲಿಲ್ಲ. ಆ ಸಲ ಗೆದ್ದವಳು ನಮ್ಮಕ್ಕ!

ಮರುದಿನ ಸಂಜೆ ಮೆರವಣಿಗೆಯ ಮುಖ್ಯಸ್ಥ ಮನೆಗೆ ಬಂದ. ಅವನೂ ವಿದ್ಯಾರ್ಥಿಯೇ. ಅಮ್ಮ ಕೊಟ್ಟ ಚಕ್ಕುಲಿಯನ್ನು ಕೈಯಲ್ಲೇ ಹಿಡಿದುಕೊಂಡು, "ನಿನಗೆ ಹಿಂದೆ ಬೇರೊಂದು ಟ್ರಕ್ ಮಾಡೋಣ. ಕಾಗದದ ಆನೆ, ಅದರ ಮೇಲೆ ಭಾರತದ ರಾಜಕುಮಾರಿ! ಜನರಿಗೆ ಇಷ್ಟವಾಗುತ್ತದೆ" ಎಂದ.

"ಮುಂದಿನ ಟ್ರಕ್ಕಿನಲ್ಲಿ ಯಾರು ಕೂರುತ್ತಾರೆ?" ಅಕ್ಕ ಕೇಳಿದಳು.

"ಎರಡನೆಯವಳಾಗಿ ಬಂದ ಹುಡುಗಿ."

"ಹಾಗಾದರೆ ಆನೆಯೂ ಅವಳಿಗೇ ಇರಲಿ" ಎಂದಳು ಅಕ್ಕ.

ಅವನು ಹೋದ ಮೇಲೆ ಅಪ್ಪ, "ಯಾಕಮ್ಮಾ ಈ ರಗಳೆ? ಸುಮ್ನೆ ಓದ್ಕೊಂಡಿರಬಾರ್ದಾ?" ಎಂದರು.

"ನಾನೇನು ಕೇಳ್ಕೊಂಡು ಹೋಗ್ಲಿಲ್ಲ ಅಪ್ಪ, ಅವ್ರೇ ಆರ್ಸಿದ್ದು. ಈಗ ಹಿಂದೆ ಹೋಗಿ ಕೂತ್ರೆ ಓಟು ಹಾಕಿದೋರಿಗೆ ಏನು ಹೇಳ್ಲಿ?"

ಆ ಪ್ರಶ್ನೆಗೆ ಉತ್ತರ ಕೊಟ್ಟವರು ಅಕ್ಕನ ಸಹಪಾಠಿಗಳು. ಅವಳನ್ನು ಮುಂದೆ ಕೂರಿಸದಿದ್ದರೆ ತಾವು ಯಾರೂ ಯಾವ ಟ್ರಕ್ಕನ್ನೂ ಹತ್ತುವುದಿಲ್ಲ ಎಂದು ಪಟ್ಟು ಹಿಡಿದರು. ಮುಖ್ಯಸ್ಥ ಒಪ್ಪಲೇಬೇಕಾಯಿತು.

ಮೆರವಣಿಗೆಯ ದಿನ ಬೀದಿಯ ತುಂಬ ಸಾಸೇಜ್ ಸುಡುವ ವಾಸನೆ, ಬ್ಯಾಂಡಿನ ಢಂ ಢಂ. ಅಪ್ಪ ಆಸ್ಪತ್ರೆಯಿಂದ ಬಿಳಿ ಕೋಟಿನಲ್ಲೇ ಓಡಿ ಬಂದು ನನ್ನ ಕೈ ಹಿಡಿದು ನಿಂತರು. ಹೂವಿನ ಟ್ರಕ್ ತಿರುವಿನಲ್ಲಿ ಕಾಣಿಸಿತು. ಅಕ್ಕ ಅಮ್ಮನ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಯಾರೋ ಹೇಳಿದ್ದಕ್ಕಲ್ಲ, ಅವಳಿಗೇ ಬೇಕೆನಿಸಿ. ಬೆನ್ನು ನೆಟ್ಟಗೆ, ಮುಖದ ತುಂಬ ನಗು.

ಪಕ್ಕದಲ್ಲಿದ್ದ ಹೆಂಗಸು, "ಇವಳಾ ರಾಣಿ?" ಎಂದಳು.

ಅಪ್ಪ ಅವಳತ್ತ ತಿರುಗಿದರು. "ಹೌದು. ನನ್ನ ದೊಡ್ಡ ಮಗಳು."

ಆಕೆ ಒಮ್ಮೆ ಅಪ್ಪನನ್ನು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಸ್ವಲ್ಪ ಸರಿದು, ನಾನು ಮುಂದೆ ನಿಂತು ನೋಡಲೆಂದು ಜಾಗ ಬಿಟ್ಟಳು. ನಾನು ಗಂಟಲು ಕಟ್ಟುವವರೆಗೂ "ಅಕ್ಕಾ!" ಎಂದು ಕೂಗಿದೆ.

ಈಗ ನಾವಿರುವುದು ಅದೇ ದೇಶದ ದೊಡ್ಡ ನಗರವೊಂದರ ಫ್ಲ್ಯಾಟ್ ಬುಷ್ ಬಡಾವಣೆಯಲ್ಲಿ. ಮೊಮ್ಮಗಳ ತರಗತಿಯಲ್ಲಿ ಎಲ್ಲ ಬಣ್ಣದ ಮಕ್ಕಳೂ ಇದ್ದಾರೆ. ಮೊನ್ನೆ ಅವಳು ಶಾಲೆಯ ಚುನಾವಣೆಯಲ್ಲಿ ಸೋತು, ಮುಖ ಊದಿಸಿಕೊಂಡು ಬಂದಳು.

"ಯಾಕೆ ಸೋತೆ ಪುಟ್ಟಿ?" ಎಂದೆ.

"ಅವಳ ಸ್ಪೀಚ್ ಬೆಟರ್ ಇತ್ತು, ಅಜ್ಜಿ."

ಬೇರೆ ಯಾವ ಕಾರಣವೂ ಅವಳಿಗೆ ಹೊಳೆಯಲೇ ಇಲ್ಲ. ನಾನು ಅವಳ ಕಣ್ಣೊರೆಸಿ ಸಮಾಧಾನ ಮಾಡಿದೆ, ಒಳಗೊಳಗೇ ಹಿಗ್ಗಿದೆ.