ಫರೀದಾಬಾದಿಗೆ ಹತ್ತು ಕೋಷ್ಟಕ ಓದಲು ಹೋದದ್ದು

ಜನವರಿಯ ಮೂರನೇ ಬುಧವಾರ, ಬೆಳಿಗ್ಗೆ ಏಳು ಗಂಟೆ. ದ್ವಾರಕಾದ ನಮ್ಮ ಸೊಸೈಟಿಯ ಗೇಟಿನಿಂದ ಹೊರಟವರು ಇಬ್ಬರು: ನಾನು ಮತ್ತು ನನ್ನ ಜೊತೆ ವಾಸವಾಗಿರುವ, ತಂಗಿಯ ಮೊಮ್ಮಗಳು ಅನನ್ಯಾ. ಎದುರಿನ ಬ್ಲಾಕಿನ ದೀಪಗಳು ಮಂಜಿನಲ್ಲಿ ಬರೀ ಬಿಳಿ ಮಚ್ಚೆಗಳಂತಿದ್ದವು.

ಅನನ್ಯಾ ಕೆಲಸ ಮಾಡುವುದು ಫರೀದಾಬಾದಿನ ಒಂದು ಸಣ್ಣ ಕಂಪನಿಯಲ್ಲಿ. ಹಸುಗೂಸಿನ ಕಾಮಾಲೆಯನ್ನು ಸೂಜಿ ಚುಚ್ಚದೆ, ಹಣೆಯ ಮೇಲೆ ಬೆಳಕು ಬಿಟ್ಟು ಅಳೆಯುವ ಸಾಧನ ಅವರದು. ಅದರ ಲೆಕ್ಕಾಚಾರದ ವರದಿ ಅಂದು ಸಂಜೆ ಐದರೊಳಗೆ ಆಸ್ಪತ್ರೆಯ ಡಾಕ್ಟರಿಗೆ ತಲುಪಬೇಕಿತ್ತು. ತಪ್ಪಿದರೆ ವಾರ್ಡಿನಲ್ಲಿ ಸಾಧನದ ಪರೀಕ್ಷೆಯ ಸರದಿ ಬೇರೆಯವರ ಪಾಲು. ಅಂಕಿಗಳನ್ನು ಒಬ್ಬರು ಓದಿ, ಇನ್ನೊಬ್ಬರು ತಾಳೆ ನೋಡಬೇಕೆಂಬುದು ಅಲ್ಲಿನ ನಿಯಮ. ಅವಳ ಜೊತೆಗಾರನಿಗೆ ಜ್ವರ. ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದ ನನ್ನನ್ನು ಕರೆದಳು.

ಮಂಡಿ ಹೌಸ್‌ನಲ್ಲಿ ಮೆಟ್ರೋ ಬದಲಿಸಿದೆವು. ಕಾಲೇಜಿನ ಹುಡುಗಿಯೊಬ್ಬಳು, "ಮಾತಾಜಿ, ಬೈಠಿಯೇ," ಎಂದು ಎದ್ದು ಜಾಗ ಕೊಟ್ಟಳು. ಅವಳು ಸುಖವಾಗಿರಲಿ. ಸುರಂಗದಿಂದ ರೈಲು ಮೇಲೆ ಬಂದಾಗ ಕೆಳಗಿನ ರಸ್ತೆಯಲ್ಲಿ ಲಾರಿಗಳ ಹೆಡ್‌ಲೈಟು ಮಂಜಿನಲ್ಲಿ ಹರಡಿಕೊಂಡಿತ್ತು.

"ಚರ್ಮದೊಳಗೂ ಇದೇ ಆಗೋದು ಅಜ್ಜಿ," ಎಂದಳು ಅನನ್ಯಾ. "ಬೆಳಕು ಸೀದಾ ಹೋಗಲ್ಲ. ಮಂಜಿನ ಹನಿಗೆ ಹೊಡೆದು ತಿರುಗತ್ತೆ, ಫಿರ್ ಇನ್ನೊಂದಕ್ಕೆ. ಯಾವ ಕಡೆ ತಿರುಗತ್ತೆ ಅಂತ ಕಂಪ್ಯೂಟರ್ ದಾಳ ಹಾಕತ್ತೆ. ಹಾಗೆ ಬೆಳಕಿನ ಒಂದೊಂದೇ ಕಣ, ಕೋಟಿ ಸಲ."

"ವಾಪಸ್ ಬಂದವನ್ನು ಎಣಿಸುತ್ತೀರಿ?"

"ಅಷ್ಟೇ! ನಿಮಗೆ ಅರ್ಥ ಆಯ್ತು, ನಮ್ಮ ಬಾಸ್‌ಗೆ ಇನ್ನೂ ಆಗಿಲ್ಲ."

ದಾರಿ ಒಟ್ಟು ಎರಡು ಗಂಟೆ. ಸ್ಟೇಷನ್ನಿನಿಂದ ಇ-ರಿಕ್ಷಾಕ್ಕೆ ತಲೆಗೆ ಇಪ್ಪತ್ತು ರೂಪಾಯಿ. ಕಂಪನಿಯ ಕಾವಲುಗಾರ ತನ್ನ ಹೀಟರನ್ನೇ ಎತ್ತಿ ತಂದು ನನ್ನ ಕಾಲ ಬಳಿ ಇಟ್ಟ. ಬೇಡವೆಂದರೂ ಕೇಳಲಿಲ್ಲ.

ಒಂಬತ್ತೂವರೆಗೆ ಓದಲು ಕುಳಿತೆ. ಹತ್ತು ಕಂಪ್ಯೂಟರುಗಳಲ್ಲಿ ಓಡಿಸಿದ ಹತ್ತು ಕೋಷ್ಟಕ. ನಾನು ಅಚ್ಚಿನ ಹಾಳೆ ಓದುವುದು, ಅವಳು ಪರದೆಯ ಮೇಲೆ ನೋಡಿ "ಹ್ಞೂಂ" ಎನ್ನುವುದು. ಮೂರನೇ ಕೋಷ್ಟಕದ ನಡುವೆ ಅಂಕಿಗಳು ಕಣ್ಣಿಗಿಂತ ಮೊದಲು ಬಾಯಿಗೆ ಬರತೊಡಗಿದವು. ಮೂರು ಹಾಳೆಗಳನ್ನು ಪಕ್ಕಪಕ್ಕ ಇಟ್ಟೆ. ಕೊನೆಯ ಅಂಕಿಯವರೆಗೂ ಒಂದೇ.

"ಅನು, ಇದು ಅಳೆಯದೆ ಬರೆದದ್ದು."

"ಕ್ಯಾ ಅಜ್ಜಿ! ಎರಡು ದಿನ ಕೂತು ಮಾಡಿದ್ದೀನಿ."

"ವಾರ್ಡಿನಲ್ಲಿ ಹತ್ತು ಮಕ್ಕಳ ಚಾರ್ಟಿನಲ್ಲೂ ಒಂದೇ ನಾಡಿ ಬರೆದಿದ್ದರೆ ನಾನು ಮಕ್ಕಳನ್ನು ನೋಡುತ್ತಿರಲಿಲ್ಲ. ಡ್ಯೂಟಿಯವಳನ್ನು ಕರೆಸುತ್ತಿದ್ದೆ."

ಅವಳ ಮುಖ ಬಿಗಿಯಿತು. ಆದರೂ ಹತ್ತನ್ನೂ ತೆರೆದು ನೋಡಿದಳು. ಹತ್ತೂ ಒಂದೇ.

ತಪ್ಪು ಹೀಗಾಗಿತ್ತು. ದಾಳ ಹಾಕಲು ಕಂಪ್ಯೂಟರಿಗೆ ಆರಂಭದ ಸಂಖ್ಯೆಯೊಂದು ಬೇಕು. ಪ್ರೋಗ್ರಾಂ ಪರೀಕ್ಷೆ ಮಾಡುವಾಗ ಪ್ರತಿ ಸಲ ಒಂದೇ ಉತ್ತರ ಬರಲೆಂದು ಅವಳು ಅದನ್ನು ಕಟ್ಟಿಹಾಕಿದ್ದಳು. ಬಿಡಿಸಲು ಮರೆತು ಅದೇ ಕಡತವನ್ನು ಹತ್ತು ಕಡೆಗೂ ನಕಲು ಮಾಡಿದ್ದಳು. ಹತ್ತು ಕೋಟಿ ಕಣಗಳೆಂದು ಬರೆದದ್ದು ನಿಜಕ್ಕೂ ಒಂದೇ ಕೋಟಿ, ಹತ್ತು ಸಲ ಎಣಿಸಿದ್ದು. ಅವಳು ಒಟ್ಟು ಮೊತ್ತವನ್ನಷ್ಟೇ ನೋಡಿದ್ದಳು.

"ಮತ್ತೆ ಓಡಿಸೋಕೆ ನಾಲ್ಕು ಗಂಟೆ ಬೇಕು," ಎಂದಳು. ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. "ಸರಾಸರಿ ಜಾಸ್ತಿ ಬದಲಾಗಲ್ಲ ಅಜ್ಜಿ. ಎಷ್ಟು ಹೆಚ್ಚುಕಮ್ಮಿ ಇರಬಹುದು ಅನ್ನೋದು ಮಾತ್ರ ಬದಲಾಗತ್ತೆ."

"ಆ ಹೆಚ್ಚುಕಮ್ಮಿ ನೋಡಿ ಡಾಕ್ಟರು ಏನು ಮಾಡುತ್ತಾರೆ?"

"ಯಾವ ಮಗುವಿಗೆ ಆಮೇಲೂ ರಕ್ತಪರೀಕ್ಷೆ ಬೇಕು, ಯಾವುದಕ್ಕೆ ಬೇಡ ಅಂತ..." ಅಲ್ಲಿಗೆ ನಿಲ್ಲಿಸಿದಳು. "ಅಚ್ಛಾ. ಚಲೋ, ಮತ್ತೆ ಓಡಿಸೋಣ."

ಹತ್ತೂ ಕಂಪ್ಯೂಟರಿಗೆ ಬೇರೆ ಬೇರೆ ಸಂಖ್ಯೆ ಕೊಟ್ಟು ಓಡಿಸಿದಳು. ಹಳೆಯ ಕಡತವನ್ನೂ ತೆರೆದು ನೋಡಿ, ಡಾಕ್ಟರಿಗೆ ಫೋನ್ ಮಾಡಿ, ಹೋದ ತಿಂಗಳು ಕಳಿಸಿದ ಅಂಕಿಯಲ್ಲೂ ಇದೇ ತಪ್ಪಿತ್ತೆಂದು ತಾನಾಗಿಯೇ ಹೇಳಿದಳು. ಅವರು, ಐದರೊಳಗೆ ಸರಿಯಾದದ್ದು ಬರಲಿ, ಆಮೇಲೆ ನೋಡೋಣ ಎಂದರಂತೆ. ಒಂದು ಗಂಟೆಗೆ ನಾನು ಒಯ್ದಿದ್ದ ಮೊಸರನ್ನ ತಿಂದೆವು.

ಎರಡೂವರೆಗೆ ಕೋಷ್ಟಕಗಳು ಬಂದವು. ಈ ಸಲ ಒಂದರಂತೆ ಇನ್ನೊಂದಿಲ್ಲ, ಹತ್ತಿರ ಹತ್ತಿರ ಇವೆ, ಅಷ್ಟೇ. ಹತ್ತನ್ನೂ ಓದಿದೆ, ಒಂದು ಸಾಲೂ ಬಿಡಲಿಲ್ಲ. ಹೆಚ್ಚುಕಮ್ಮಿಯ ಅಂಕಿ ಮೊದಲು ಬರೆದದ್ದಕ್ಕಿಂತ ದೊಡ್ಡದಾಯಿತು. ಅದನ್ನೇ ಬರೆದು, ನಾಲ್ಕೂ ನಲವತ್ತಕ್ಕೆ ಕಳಿಸಿದಳು. ತಪ್ಪು ತೋರಿಸಿದಾಗ ಸಿಡುಕದೆ ಮತ್ತೆ ಕೂತವರು ನನ್ನ ಸೇವಾವಧಿಯಲ್ಲಿ ಬೆರಳೆಣಿಕೆಯಷ್ಟು. ಇವಳು ನಮ್ಮ ಮನೆಯವಳೆಂದು ಮನಸ್ಸು ತುಂಬಿತು.

ವಾಪಸ್ ರೈಲಿನಲ್ಲಿ ಡಾಕ್ಟರ ಉತ್ತರ ಬಂತು: ಮಂಗಳವಾರ ಒಂಬತ್ತಕ್ಕೆ ವಾರ್ಡಿಗೆ ಬನ್ನಿ, ತಪ್ಪನ್ನು ತಾವಾಗಿಯೇ ಹೇಳಿದ್ದಕ್ಕೆ ಧನ್ಯವಾದ, ಸದ್ಯ ಎಲ್ಲ ಮಕ್ಕಳಿಗೂ ರಕ್ತಪರೀಕ್ಷೆ ಜೊತೆಯಲ್ಲೇ ಆಗಲಿ.

ಏಳೂವರೆಗೆ ಮನೆ ಸೇರಿದೆವು. ಅನನ್ಯಾಳನ್ನು ದೀಪದ ಕೆಳಗೆ ಕೂರಿಸಿ, "ಕೈ ಕೊಡು," ಎಂದೆ.

"ಅಜ್ಜಿ, ಪ್ಲೀಸ್, ನೇಲ್ ಪಾಲಿಶ್ ನಿನ್ನೆ ತಾನೇ ಹಚ್ಚಿದ್ದು!"

"ಕೂಸು ಮುಟ್ಟುವ ಕೈ," ಎಂದು ಹತ್ತೂ ಉಗುರು ಕತ್ತರಿಸಿದೆ.