ನಡುಗೋಡೆಯ ಕಿಂಡಿ

ಗಂಡ ತೀರಿಕೊಂಡ ಮೇಲೆ ಹುಬ್ಬಳ್ಳಿಯ ಬಾಡಿಗೆ ಮನೆ ಬಿಟ್ಟು ಮುಶಿಗೇರಿ ಹಳ್ಳಿಗೆ ಬಂದೆ. ಮಕ್ಕಳಿಲ್ಲದ ನನ್ನ ದೊಡ್ಡವ್ವ ಸಾಯುವ ಮುಂಚೆ ತನ್ನ ಮನೆಯನ್ನು ನನ್ನ ಹೆಸರಿಗೆ ಮಾಡಿದ್ದಳು. ವರ್ಷಗಟ್ಟಲೆ ಬೀಗ ಬಿದ್ದ ಮನೆ. ಮಣ್ಣಿನ ಮಾಳಿಗೆ ಕುಸಿದು ಪಡಸಾಲೆ ತುಂಬಾ ಬಿದ್ದಿತ್ತು, ಅದರ ಮೇಲೆ ಹುಲ್ಲು ಎದ್ದಿತ್ತು. ಗಟ್ಟಿ ಉಳಿದದ್ದು ಹಿಂದೆ ದನ ಕಟ್ಟುತ್ತಿದ್ದ ಜಾಗವೊಂದೇ. ಅಲ್ಲೇ ಹಾಸಿಗೆ ಹಾಕಿದೆ. ದನ ಮೇಯುವ ಗ್ವಾದಲಿಯಲ್ಲಿ ಸೀರೆಗಳನ್ನು ಇಟ್ಟುಕೊಂಡೆ. ಹಿತ್ತಲಲ್ಲಿ ತಾಡಪತ್ರಿ ಕಟ್ಟಿ ಬಚ್ಚಲು ಮಾಡಿಕೊಂಡೆ.

ಕರೆಂಟ್ ಇರಲಿಲ್ಲ. ಮೊಬೈಲ್ ಚಾರ್ಜ್ ಮಾಡಲು ಹಿಟ್ಟಿನ ಗಿರಣಿಗೆ ಹೋಗುತ್ತಿದ್ದೆ. ನನಗೆ ಫೋನ್ ಬರುತ್ತಿದ್ದುದೇ ಕಡಿಮೆ. ಆದರೂ ದಿನಾ ಹೋಗುತ್ತಿದ್ದೆ, ಅಲ್ಲಿ ಯಾರಾದರೂ ಮಾತಾಡಿಸುತ್ತಿದ್ದರು. ಪಕ್ಕದ ಮನೆಯ ಮುದುಕಿ ಮಾತ್ರ ಕೇಳಿದ್ದಕ್ಕೆ ಹೂಂ, ಹಾಂ ಅಂದು ಒಳಗೆ ಹೋಗಿಬಿಡುತ್ತಿದ್ದಳು.

ಮನೆ ರಿಪೇರಿಗೆ ಒಬ್ಬ ಗೌಂಡಿಯನ್ನು ಹಚ್ಚಿದ್ದೆ. ಒಂದಿನ ಅವನು ನಮ್ಮ ಮನೆಗೂ ಮುದುಕಿಯ ಮನೆಗೂ ನಡುವಿನ ಗೋಡೆಗೆ ಮೆತ್ತಿದ್ದ ಹಳೇ ಗಿಲಾವು ಕೆತ್ತುವಾಗ ಕಲ್ಲುಗಳು ಕಳಚಿ ಬಿದ್ದವು.

“ಅಕ್ಕಾರ, ಇಲ್ಲೊಂದ ಕಿಂಡಿ ಐತ್ರಿ. ಆಚಿ ಮನಿಗಿ ಹಾದೈತಿ. ಏನ್ ಮಾಡೂಣ್ರಿ?”

ಕೇಳಿ ಬರೋಣವೆಂದು ಮುದುಕಿಯ ಮನೆಗೆ ಹೋದೆ. ಅವಳು ನನ್ನ ಹಿಂದೆಯೇ ಬಂದಳು. ಬಾಗಿ ನೋಡಿದಳು. ಆಮೇಲೆ ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತಳು.

“ನಿಮ್ಮ ದೊಡ್ಡವ್ವ ಇದರಾಗ ಕೈ ಹಾಕಿ ಕೆಂಡ ಕೊಡತಿದ್ಲು. ನಾ ಮಜ್ಜಿಗಿ ಕೊಡತಿದ್ನಿ. ಗಟಾರದ ನೀರಿನ ಸಲುವಾಗಿ ಜಗಳಾತು. ಕಲ್ಲ ತುರುಕಿ ಮುಚ್ಚಿದಾಕಿ ನಾನ.”

“ಹಂಗಾರ ತಗದ ಇಡೂಣೇನ್ ಆಯಿ?”

ಅವಳು ಕೂತಲ್ಲಿಂದಲೇ ಕಿಂಡಿಯ ಅಂಚು ಮುಟ್ಟಿ ನೋಡಿದಳು.

“ಬ್ಯಾಡವಾ. ಆಕಿ ಇದ್ದಾಗ ತಗೀಬೇಕಿತ್ತು. ಈಗ ಬರೇ ಗಾಳಿ ಬರತೈತಿ.”

ಸಂಜೆಯೊಳಗೆ ಗೌಂಡಿ ಸಿಮೆಂಟು ಹಾಕಿ ಮುಚ್ಚಿದ.

ಮಳೆ ಹಿಡಿಯುವ ಮುಂಚೆ ಪಡಸಾಲೆಯ ಮೇಲೆ ತಗಡು ಹೊದಿಸಿದ್ದಾಯಿತು. ಹಾಸಿಗೆಯನ್ನು ಪಡಸಾಲೆಗೆ ತಂದೆ. ಅವತ್ತು ಮಧ್ಯಾಹ್ನ ಅಲ್ಲಿ ಒಬ್ಬಳೇ ಉಣ್ಣಲು ಕೂತೆ. ಇಷ್ಟು ದಿನ ಕೆಲಸವಿತ್ತು, ಧೂಳಿತ್ತು, ಗೌಂಡಿಯ ಸಪ್ಪಳವಿತ್ತು. ಈಗ ಮನೆ ಮನೆಯಂತಾಗಿತ್ತು, ಅದರೊಳಗೆ ನಾನೊಬ್ಬಳೇ ಇದ್ದೆ. ತಾಟು ಎತ್ತಿಕೊಂಡು ಹೊರಗೆ ಕಟ್ಟೆಗೆ ಬಂದೆ. ಮುದುಕಿಯೂ ತನ್ನ ಕಟ್ಟೆಯ ಮೇಲೆ ಉಣ್ಣುತ್ತಿದ್ದಳು.

“ಈಗ ಉಣ್ಣಾಕತ್ತಿ ಏನು?” ಅಂದಳು.

“ಹೂನ್ರಿ” ಅಂದೆ.

ಅವಳು ತಾಟು ತೊಳೆಯಲು ಏಳುವ ತನಕ ನಾನೂ ನಿಧಾನವಾಗಿ ಉಂಡೆ.