ಬಾಗಿಲ ಮೇಲೆ ಅಜ್ಜಿಯ ಅತ್ತೆ

ನಮ್ಮ ಅವ್ವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಅಜ್ಜಿಗೆ ಆಗುವುದಿಲ್ಲ. ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಯಿತು, ಆದರೂ ಅವಳಿಗೆ ಆಗದ್ದನ್ನು ಮಾಡಲು ನನಗೆ ಇವತ್ತಿಗೂ ಧೈರ್ಯವಿಲ್ಲ.

ಸಂಗತಿ ಏನೆಂದರೆ, ಅವ್ವನದೂ ಅಜ್ಜಿಯ ಅತ್ತೆಯದೂ ಒಂದೇ ಹೆಸರು. ನಮ್ಮವರಲ್ಲಿ ಸೊಸೆಯಾದವಳು ಅತ್ತೆಯ ಹೆಸರೆತ್ತುವಂತಿಲ್ಲ, ಅತ್ತೆ ಸತ್ತ ಮೇಲೂ. ಆ ನಮ್ಮ ಮುತ್ತಜ್ಜಿಯೋ, ಬದುಕಿದ್ದಾಗ ಉಪ್ಪಿನ ಜಾಡಿ ಇಟ್ಟ ಕಪಾಟಿಗೂ ಬೀಗ ಹಾಕಿದ್ದವಳಂತೆ. ಹಾಗಾಗಿ ಅಜ್ಜಿ ತನ್ನ ಸೊಸೆಯನ್ನು ಮದುವೆಯಾಗಿ ಬಂದ ದಿನದಿಂದಲೂ ‘ಪುಳ್ಳೆ’ ಎಂದೇ ಕರೆದಳು. ಕೊಯಮತ್ತೂರಿನ ಕಡೆ ಹುಡುಗಿ ಎನ್ನುವುದಕ್ಕೆ ಇರುವ ಮಾತು ಅದು. ಅಪ್ಪ ಹೆಂಡತಿಯನ್ನು ‘ಇಲ್ನೋಡು’ ಎನ್ನುತ್ತಿದ್ದ. ಹೊರಗೆ ಯಾರಾದರೂ ಸೊಸೆಯ ಹೆಸರು ಕೇಳಿದರೆ ಅಜ್ಜಿ ನನ್ನನ್ನು ಮುಂದಕ್ಕೆ ತಳ್ಳಿ, “ನೀ ಹೇಳು ಕಣ್ಣು” ಎಂದು ತಮಿಳರ ಹಾಗೆ ಮುದ್ದು ಮಾಡಿ ಹೇಳುತ್ತಿದ್ದಳು. ನಾನು ಆ ಮನೆಯಲ್ಲಿ ಹೆಸರು ಹೇಳುವ ನೌಕರಿಯಲ್ಲಿದ್ದೆ.

ನಮ್ಮ ಮನೆ ಇದ್ದದ್ದು ತಮಿಳುನಾಡಿನ ಮಡತ್ತುಕುಳಂನಲ್ಲಿ, ಉಡುಮಲೈಯಿಂದ ಪಳನಿಗೆ ಹೋಗುವ ಬಸ್ ರಸ್ತೆಯ ಮೇಲೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ಎಂಬತ್ತರ ದಶಕದ ನಡುವೆ, ನಾನು ಎಂಟನೇ ತರಗತಿಯಲ್ಲಿದ್ದಾಗ, ಅವ್ವ ಹೊಲಿಗೆ ಅಂಗಡಿ ತೆರೆಯುತ್ತೇನೆ ಎಂದಳು. ಅಲ್ಲಿಯವರೆಗೆ ನೆಂಟರಿಷ್ಟರ ರವಿಕೆಯನ್ನೆಲ್ಲ ಪುಕ್ಕಟೆ ಹೊಲಿದಿದ್ದಳು. ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡಳು. ಅದಕ್ಕೆ ಯಾರದೂ ತಕರಾರಿರಲಿಲ್ಲ. ತಕರಾರು ಶುರುವಾದದ್ದು ಅವಳು ತನ್ನ ಹೆಸರಿನಲ್ಲೇ ಒಂದು ಬೋರ್ಡು ಬೇಕು ಎಂದಾಗ.

“ನಮ್ಮತ್ತೆ ಹೆಸರು ಬಾಗ್ಲ ಮೇಲಾ?” ಎಂದಳು ಅಜ್ಜಿ. “ದಿನಾ ಅದರ ಕೆಳಗೆ ನುಸೀಬೇಕಾ ನಾನು? ಬದುಕಿದ್ದಾಗ ಕೆಳಗೆ ಇದ್ದಿದ್ದು ಪೋದಾದಾ?” ಸಾಲದಾ ಎನ್ನುವುದನ್ನು ಅವಳು ತಮಿಳಿನಲ್ಲೇ ಕೇಳುತ್ತಿದ್ದಳು, ಗಟ್ಟಿಯಾಗಿ ಕೇಳಬೇಕಾದಾಗ.

ಅವ್ವ ಎದುರು ಮಾತಾಡುವವಳಲ್ಲ. ಅವತ್ತು ಮಾತ್ರ ಕತ್ತರಿ ಕೆಳಗಿಟ್ಟು ಹೇಳಿದಳು: “ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು ಅತ್ತೆ. ನನ್ನ ಹೆಸರು ಒಬ್ರೂ ಕೂಗಿಲ್ಲ. ಬೋರ್ಡಲ್ಲಾದ್ರೂ ಇರ್ಲಿ.” ಅಜ್ಜಿಗೆ ಆಗಾಗ ಕಿವಿ ಕೇಳಿಸುತ್ತಿರಲಿಲ್ಲ. ಆಗಲೂ ಕೇಳಿಸಲಿಲ್ಲ.

ಬೋರ್ಡಿನ ಹೊಣೆ ಹೊತ್ತವನು ಅಪ್ಪ. ಅವನು ಹೈಸ್ಕೂಲಿನಲ್ಲಿ ಲೆಕ್ಕದ ಮಾಸ್ತರು. ಉಡುಮಲೈ ಕಡೆಯಿಂದ ಬರುವ ಬಸ್ಸಿನವರಿಗೆ ದೂರದಿಂದಲೇ ಕಾಣಬೇಕೆಂದು ಬೋರ್ಡನ್ನು ಪಶ್ಚಿಮಕ್ಕೆ ಮುಖಮಾಡಿ ನಿಲ್ಲಿಸಲು ತೀರ್ಮಾನಿಸಿದ. ನಮ್ಮೂರ ಗಾಳಿಯೂ ಅದೇ ಕಡೆಯಿಂದ, ಅದೇ ರಸ್ತೆ ಹಿಡಿದು, ಪಾಲಕ್ಕಾಡಿನ ಕಣಿವೆಯಿಂದ ಬರುತ್ತದೆ. ಜುಲೈ ನಡುವೆ ಶುರುವಾಗುವ ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂದು ತಮಿಳಿನಲ್ಲಿ ಗಾದೆಯೇ ಇದೆ. ಅಪ್ಪ ಗಾದೆಗಳನ್ನು ನಂಬುತ್ತಿರಲಿಲ್ಲ.

ಮೊದಲನೆಯದು ತೆಳು ತಗಡಿನದು. ಮರದ ಚೌಕಟ್ಟು, ನಾಲ್ಕು ಮೊಳೆ. ಆಡಿ ಬರುವುದಿರಲಿ, ಅದರ ಹಿಂದಿನ ತಿಂಗಳ ಮೊದಲ ಗಾಳಿಗೇ ಎದ್ದು ಹೋಯಿತು. ಹುಡುಕಿಕೊಂಡು ಹೋದರೆ ಮೂರು ಮನೆ ಆಚೆ ಎಮ್ಮೆ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಎಮ್ಮೆ ಅದರ ಮೇಲೆ ಮಾಡಬೇಕಾದ್ದನ್ನೆಲ್ಲ ಮಾಡಿ ಮುಗಿಸಿತ್ತು. ಅಜ್ಜಿ ಆನೈಮಲೈಯ ದೇವಿಯ ದಿಕ್ಕಿಗೆ ಕೈಮುಗಿದು, “ಮಾಸಾಣಿಯಮ್ಮನೇ ಬೇಡ ಅಂದ್ಬಿಟ್ಳು” ಎಂದಳು. ಅವಳ ಮುಖದಲ್ಲಿ ಭಕ್ತಿಗಿಂತ ಖುಷಿಯೇ ಹೆಚ್ಚಿತ್ತು.

ಅಪ್ಪ ಹಾಳೆಯ ಮೇಲೆ ಗಾಳಿಯ ಬಲದ ಲೆಕ್ಕ ಮಾಡಿದ. ಎರಡನೆಯದಕ್ಕೆ ದಪ್ಪ ತಗಡು, ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಚೌಕಟ್ಟು, ಮಾಳಿಗೆಯ ಕೈಗೋಡೆಗೆ ಸಿಮೆಂಟು ಹಾಕಿ ಕೂರಿಸಿದ ಎರಡು ಪೈಪು. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಆದರೆ ಗಾಳಿ ಬೀಸಿದಾಗಲೆಲ್ಲ ಹೂಂ ಎಂದು ಸದ್ದು ಮಾಡತೊಡಗಿತು. ಅಜ್ಜಿ ಅಡಿಗೆಮನೆಯಿಂದ ಓಡಿ ಬಂದಳು.

“ಕೇಳುಸ್ತಾ? ನಿಮ್ ಮುತ್ತಜ್ಜಿ ಗೊಣಗೋದು! ಅದೇ ಕೊರಲು! ಸಾರಿಗೆ ಹುಳಿ ಜಾಸ್ತಿ ಆದಾಗ ಹಿಂಗೇ ಅನ್ನೋಳು.”

ಅಂದಿನಿಂದ ಸಾರಿನಲ್ಲಿ ಹುಳಿ ಕಡಿಮೆಯಾಯಿತು. ಐದನೆಯ ದಿನ ಮಧ್ಯಾಹ್ನ ಬೋರ್ಡು ಮೂರಡಿ ಕೈಗೋಡೆಯನ್ನೂ ಕಿತ್ತುಕೊಂಡು ನುಗ್ಗೆಮರದ ಮೇಲೆ ಬಿತ್ತು. ಮರ ಹೋಯಿತು, ಗೋಡೆ ಹೋಯಿತು, ಬೋರ್ಡಿನ ಒಂದಕ್ಷರಕ್ಕೂ ಏನೂ ಆಗಿರಲಿಲ್ಲ. ಅಪ್ಪ ಸುತ್ತ ನಡೆದು ನೋಡಿ, “ನನ್ನ ಲೆಕ್ಕ ಸರಿ. ಗೋಡೆ ತಪ್ಪು” ಎಂದ.

ಅವ್ವ ಬೋರ್ಡನ್ನು ಒರೆಸಿ, ಮಿಷನ್ನಿನ ಹಿಂದೆ ಗೋಡೆಗೆ ತಿರುಗಿಸಿಟ್ಟಳು. ನನಗೆ ಅಪ್ಪನ ಮೇಲೂ ಅಜ್ಜಿಯ ಮೇಲೂ ಒಟ್ಟಿಗೇ ಸಿಟ್ಟು ಬಂತು.

ಈ ಸಂಗತಿಗೆ ತಿರುವು ಕೊಟ್ಟವಳು ಹಾಲು ಹಾಕುವ ಹೆಂಗಸು. ಬೆಳಿಗ್ಗೆ ಹಾಲು ಅಳೆಯುತ್ತಾ ಮುರಿದ ಗೋಡೆ ನೋಡಿ, ಅಜ್ಜಿಯ ಮುಖಕ್ಕೇ ಅಂದಳು: “ಕಾರಮಡೈ ಬಾಳೆತೋಟದ ಮನೆಮಗಳಿರೋ ಮನೆ. ಒಂದು ತಗಡು ಕಟ್ಟಕ್ಕೆ ಬರಲ್ವಲ್ಲಾ.”

ಅಜ್ಜಿಗೆ ಅವತ್ತು ಕಿವಿ ಚೆನ್ನಾಗಿ ಕೇಳಿಸಿತು. ಅವಳ ತವರು ಕಾರಮಡೈ. ಗೊನೆ ಹೊತ್ತ ಬಾಳೆ ಗಾಳಿಗೆ ಬೀಳದಂತೆ ಕೋಲು ಕೊಟ್ಟು ಕಟ್ಟುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲವಂತೆ. ಇದನ್ನು ಅವಳೇ ನಮಗೆ ಅನೇಕ ಸಲ ಹೇಳಿದ್ದಳು. ಹಾಲಿನ ಪಾತ್ರೆ ಅಲ್ಲೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದಳು.

“ಏ ಮಾಸ್ತರೇ,” ಎಂದಳು ಮಗನಿಗೆ, “ಬಾಳೆನ ಕೋಲಿಗೆ ಬಿಗಿಯಾಗಿ ಕಟ್ಟಿದ್ರೆ ಏನಾಗುತ್ತೆ ಗೊತ್ತಾ? ಕಟ್ಟಿದ ಜಾಗದಲ್ಲೇ ಮುರಿಯುತ್ತೆ. ಕಾತ್ತು ಬೀಸಿದಾಗ ಒಂದ್ಸೊಲ್ಪ ಆಡ್ಬೇಕು. ಆಡಿ ಮತ್ತೆ ಬರ್ಬೇಕು.”

ಅವ್ವ ತಲೆಯೆತ್ತಿದಳು. “ಹೌದು ಅತ್ತೆ. ರವಿಕೆ ಕಂಕುಳಲ್ಲೂ ಹಂಗೇ. ಸಡಿಲ ಬಿಡದಿದ್ರೆ ಕೈ ಎತ್ತಿದಾಗ ಹರಿಯುತ್ತೆ.”

ಅತ್ತೆಸೊಸೆ ಒಂದು ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಪ್ಪನನ್ನು ಯಾರೂ ಕೇಳಲಿಲ್ಲ. ಅಂಗಳದಲ್ಲಿ ಎರಡು ಕಲ್ಲುಕಂಬ ಆಳವಾಗಿ ಹೂಳಿಸಿ, ಮೇಲೆ ಅಡ್ಡ ಪೈಪು ಹಾಕಿಸಿ, ಅದಕ್ಕೆ ಸರಪಳಿಯಿಂದ ಬೋರ್ಡು ತೂಗುಹಾಕುವುದು ಎಂದಾಯಿತು. ಕೆಳಗಿನ ಎರಡು ಮೂಲೆಗಳಿಗೆ ಹಗ್ಗವಲ್ಲ, ಸೈಕಲ್ ಟ್ಯೂಬಿನ ಪಟ್ಟಿ. ಎಳೆದರೆ ಹೋಗಿ ಬಿಟ್ಟರೆ ಬರುತ್ತದೆಂದು. ಟ್ಯೂಬು ಅಪ್ಪನ ಸೈಕಲ್ಲಿನದೇ. ಎರಡು ದಿನ ಅವನು ಶಾಲೆಗೆ ನಡೆದು ಹೋದ.

ಗಾಳಿ ನುಗ್ಗಿ ಹೋಗಲು ತೂತುಗಳೂ ಬೇಕು ಎಂದಳು ಅಜ್ಜಿ. ಅಷ್ಟು ತೂತಿನಿಂದ ಏನೂ ಆಗದು ಎಂದು ಅಪ್ಪನ ಲೆಕ್ಕ ಹೇಳಿತು. ಅವ್ವ ಹೊಲಿಗೆಯ ಸೀಮೆಸುಣ್ಣದಲ್ಲಿ, ರವಿಕೆಯ ಗುಂಡಿ ತೂರುವ ತೂತಿಗೆ ಗುರುತು ಮಾಡುವ ಹಾಗೆ, ಬೋರ್ಡಿನ ಮೇಲೆ ಗುರುತು ಹಾಕತೊಡಗಿದಳು. ಓದು ಬಾರದ ಅಜ್ಜಿ ಬಗ್ಗಿ ನೋಡಿ ಕೇಳಿದಳು:

“ಇದ್ರಲ್ಲಿ ಹೆಸರು ಯೆಲ್ಲಿ?”

ಅವ್ವ ಬೆರಳಿಟ್ಟು ತೋರಿಸಿದಳು.

“ಅಲ್ ಮಾತ್ರ ತೂತು ಬೇಡ. ನಮ್ಮತ್ತೆಗೆ ಚುಚ್ಚಿ ಆಮೇಲೆ ಯಾರು ಬೈಸ್ಕೊಳ್ಳೋದು?”

ಆ ವರ್ಷದ ಆಡಿ ಗಾಳಿಗೆ ನಮ್ಮ ಬೀದಿಯಲ್ಲಿ ಎರಡು ಚಪ್ಪರ, ಒಂದು ಸಿನಿಮಾ ಬೋರ್ಡು ಹೋದವು. ನಮ್ಮದು ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ನಿಂತಿತು. ಅಜ್ಜಿ ಜಗಲಿಯಲ್ಲಿ ಕೂತು ದಿನವಿಡೀ ಕಾವಲು ಕಾದಳು. ಹಾಲಿನವಳು ಬಂದು ಬೋರ್ಡಿನತ್ತ ತಲೆಯೆತ್ತಿ ನೋಡುವವರೆಗೂ ಅವಳಿಗೆ ಪಾತ್ರೆ ಕೊಡುತ್ತಿರಲಿಲ್ಲ. ಬಸ್ಸಿನವರು ನಮ್ಮ ಮನೆಯ ಎದುರನ್ನೇ ಸ್ಟಾಪು ಮಾಡಿಕೊಂಡು, ಅವ್ವನ ಹೆಸರು ಕೂಗಿ ಜನರನ್ನು ಇಳಿಸತೊಡಗಿದರು.

ಆ ತಿಂಗಳಲ್ಲೇ ಒಂದು ಶುಕ್ರವಾರ ಅಜ್ಜಿ ನನ್ನನ್ನು ಕರೆದುಕೊಂಡು ಆನೈಮಲೈಗೆ ಹೋಗಿ ಮಾಸಾಣಿಯಮ್ಮನಿಗೆ ಕೈಮುಗಿದು ಬಂದಳು. ಬರುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಕಂಡಕ್ಟರು ಹೊಸಬ. ಮನೆ ಹತ್ತಿರ ಬಂದಾಗ “ಎಂಗ ಎರಂಗೋಣುಂ ಆತ್ತಾ?” ಎಂದು ತಮಿಳಿನಲ್ಲಿ ಕೇಳಿದ, ಎಲ್ಲಿ ಇಳಿಯಬೇಕಮ್ಮ ಅಂತ.

“ಆ ಬೋರ್ಡು... ಹೊಲಿಗೆ ಬೋರ್ಡು,” ಎಂದಳು ಅಜ್ಜಿ, ತನ್ನ ತಮಿಳಿನಲ್ಲಿ.

ಯಾವ ಬೋರ್ಡು, ಹೆಸರೇನು ಎಂದ ಅವನು. ಅಜ್ಜಿ ನನ್ನ ಬೆನ್ನಿಗೆ ತಿವಿದು, “ನೀ ಹೇಳು ಕಣ್ಣು” ಎಂದಳು.

ನಾನು ಹೇಳಲಿಲ್ಲ. ಬೇಕೆಂದೇ ಬಾಯಿ ಮುಚ್ಚಿಕೊಂಡೆ. ಅದು ಆ ವಯಸ್ಸಿನ ಕೊಬ್ಬು, ಅದರ ಜೊತೆ ಅವ್ವನ ಮೇಲಿನ ಪ್ರೀತಿಯೂ ಇತ್ತು. ಕಿಟಕಿಯಲ್ಲಿ ನಮ್ಮ ಬೋರ್ಡು ಕಂಡಿತು, ಹತ್ತಿರ ಬಂತು, ದಾಟಿಯೇ ಹೋಯಿತು. ಅಜ್ಜಿ ನನ್ನನ್ನು ನೋಡಿದಳು, ಬೋರ್ಡನ್ನು ನೋಡಿದಳು. ಆಮೇಲೆ ಬಾಳೆತೋಟದ ಆ ತುದಿಯಿಂದ ಈ ತುದಿಗೆ ಕೂಗುವ ಗಂಟಲಿನಲ್ಲಿ ಅವ್ವನ ಹೆಸರು ಹಿಡಿದು ಕೂಗಿದಳು. “ನಿಪ್ಪಾಟ್ಟುಪ್ಪಾ!” ಎಂದು ಸೇರಿಸುವಷ್ಟರಲ್ಲಿ ಡ್ರೈವರು ಹೆದರಿ ಬಸ್ಸು ನಿಲ್ಲಿಸಿಯಾಗಿತ್ತು.

ಇಳಿದು ಹಿಂದಕ್ಕೆ ನಡೆದು ಬಂದವಳು ಬೋರ್ಡಿನ ಕೆಳಗೆ ನಿಂತು, ಮೇಲೆ ನೋಡಿ, ತಪ್ಪಾಯಿತೆಂದು ಕೆನ್ನೆ ಕೆನ್ನೆ ಬಡಿದುಕೊಂಡಳು. ಅವ್ವ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಾಗಿಲಿಗೆ ಓಡಿ ಬಂದಿದ್ದಳು.

“ಕರೆದ್ರಾ ಅತ್ತೆ?”

ಅಜ್ಜಿ ಇಲ್ಲ ಎನ್ನಬಹುದಿತ್ತು. ಬಸ್ಸು ನಿಲ್ಲಿಸಿದೆ ಎನ್ನಬಹುದಿತ್ತು.

“ಕರೆದೆ. ಏನಿವಾಗ? ಒಂದು ಚೊಂಬು ನೀರ್ ತಾ.”

ಅವ್ವ ತಂದ ಚೊಂಬಿನಲ್ಲಿ ಅರ್ಧ ನೀರೂ ಇರಲಿಲ್ಲ. ಉಳಿದದ್ದನ್ನು ದಾರಿಯುದ್ದಕ್ಕೂ ಚೆಲ್ಲಿಕೊಂಡು ಬಂದಿದ್ದಳು. ಅಜ್ಜಿ ಇದ್ದಷ್ಟನ್ನೇ ಎತ್ತಿ ಕುಡಿದಳು.